ಹರಪನಹಳ್ಳಿ ಗಡಿಯಲ್ಲಿ ದೇಶಗಳ ಸಿರಿತನ: ಒಂದು ಪಿಎಚ್.ಡಿ. ವಿಷಯದ ಪ್ರಕರಣ ಅಧ್ಯಯನ

ಅಭ್ಯರ್ಥಿ ಜಗಳೂರು ತಾಲ್ಲೂಕಿನವಳು. ಅರ್ಥಶಾಸ್ತ್ರದಲ್ಲಿ ಎಂ.ಎ., ನೆಟ್ ಜೊತೆಗೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್). ದಾವಣಗೆರೆ ಬಿಟ್ಟು ಹೋಗದೆ ಪಿಎಚ್.ಡಿ. ಮಾಡಬೇಕೆಂಬ ತೀರ್ಮಾನ. ಮೊದಲು ಬರೆದುಕೊಟ್ಟ ವಿಷಯ: ‘ಸಂಸ್ಥೆಗಳ ಗುಣಮಟ್ಟ ಮತ್ತು ರಾಷ್ಟ್ರಗಳ ಸಮೃದ್ಧಿ, 100 ದೇಶಗಳ ಅಧ್ಯಯನ, 1996–2020’. ಇಲ್ಲಿ ‘ಸಂಸ್ಥೆ’ ಎಂದರೆ ಕಾನೂನು, ಆಸ್ತಿ ಹಕ್ಕು, ಆಡಳಿತದಂಥ ವ್ಯವಸ್ಥೆ. ಈ ಅಭ್ಯರ್ಥಿ ಯಾರೋ ಒಬ್ಬ ವ್ಯಕ್ತಿಯಲ್ಲ, ಇಂಥ ವಿಷಯ ಹಿಡಿದು ಬರುವವರೆಲ್ಲರ ಮಾದರಿ. ನಿಯಮ, ದತ್ತಾಂಶ, ಊರು, ಇತಿಹಾಸ ಮಾತ್ರ ಇದ್ದದ್ದು ಇದ್ದಂತೆ.

2024ರ ಅಕ್ಟೋಬರ್‌ನಲ್ಲಿ ಡರೋನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್ ಅವರಿಗೆ ಸಂಸ್ಥೆಗಳಿಗೂ ಸಮೃದ್ಧಿಗೂ ಇರುವ ನಂಟಿನ ಅಧ್ಯಯನಕ್ಕಾಗಿ ಅರ್ಥಶಾಸ್ತ್ರದ ನೊಬೆಲ್ ಬಂದ ಮೇಲೆ ಇಂಥ ಶೀರ್ಷಿಕೆಗಳಿಗೆ ಬೇಡಿಕೆ ಬಂದಿದೆ. ಜಗತ್ತಿನ ಅತಿ ಸಿರಿವಂತ ಶೇ 20 ದೇಶಗಳು ಅತಿ ಬಡ ಶೇ 20 ದೇಶಗಳಿಗಿಂತ ಸುಮಾರು 30 ಪಟ್ಟು ಸಿರಿವಂತ ಎಂದು ಬಹುಮಾನದ ಪ್ರಕಟಣೆಯೇ ಹೇಳಿತು. ಪ್ರಶ್ನೆ ದೊಡ್ಡದು, ಯಾರನ್ನಾದರೂ ಸೆಳೆಯುವಂಥದು. ಆದರೆ ಪ್ರಶ್ನೆಯ ಗಾತ್ರಕ್ಕೂ ಪ್ರಬಂಧದ ಗಾತ್ರಕ್ಕೂ ಸಂಬಂಧವಿಲ್ಲ. ಈ ಪ್ರಕರಣದಲ್ಲಿ 100 ದೇಶಗಳು ಕೊನೆಗೆ ಎರಡು ತಾಲ್ಲೂಕು ಗಡಿಗಳಿಗೆ ಇಳಿದವು. ಯಾಕೆ ಇಳಿದವು, ಇಳಿದ ಮೇಲೆ ಏನೇನು ಕೆಟ್ಟಿತು ಎಂಬುದೇ ಇಲ್ಲಿನ ವಿವರ.

ಕೈಯಲ್ಲಿರುವ ಕಾಲ, ಹಣ

ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮದಂತೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಸಿಗಬಹುದು. ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷದ ಸಡಿಲಿಕೆಗೆ ಅವಕಾಶವಿದೆ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಶೇ 55 ಬರಲೇಬೇಕು. ಜೆಆರ್‌ಎಫ್ ಮೊತ್ತ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದ ಮೇಲೆ 42,000. ಒಟ್ಟು ಐದು ವರ್ಷ ಮುಗಿದ ಮೇಲೆ ಹಣ ನಿಲ್ಲುತ್ತದೆ, ಪ್ರಬಂಧ ನಿಲ್ಲುವುದಿಲ್ಲ. ಆರನೇ ವರ್ಷಕ್ಕೆ ಬಿದ್ದವರು ಅತಿಥಿ ಉಪನ್ಯಾಸಕಿಯಾಗಿ ಪಾಠಕ್ಕೆ ಹೋಗುತ್ತಾರೆ. ಪಾಠ, ಪೇಪರ್ ತಿದ್ದುವುದು, ಪರೀಕ್ಷೆ ಕೆಲಸದ ನಡುವೆ ಕೊನೆಯ ಎರಡು ಅಧ್ಯಾಯ ವರ್ಷಗಟ್ಟಲೆ ಎಳೆಯುತ್ತವೆ. ಹಾಗಾಗಿ ನಾಲ್ಕೂವರೆ ವರ್ಷದಲ್ಲಿ ಮುಗಿಯುವ ವಿಷಯವೇ ಸರಿಯಾದ ವಿಷಯ. ಇದನ್ನು ಮೊದಲ ದಿನವೇ ಹೇಳದ ಮಾರ್ಗದರ್ಶನ ಅರ್ಧ ಮಾರ್ಗದರ್ಶನ.

100 ದೇಶಗಳ ವಿಷಯ ಯಾಕೆ ನಿಲ್ಲಲಿಲ್ಲ

ಮೊದಲ ಯೋಜನೆ ಸರಳವಾಗಿತ್ತು. ವಿಶ್ವಬ್ಯಾಂಕಿನ ಆಡಳಿತ ಸೂಚ್ಯಂಕಗಳನ್ನು ಇಳಿಸಿಕೊಳ್ಳುವುದು, ತಲಾ ಜಿಡಿಪಿ ಇಳಿಸಿಕೊಳ್ಳುವುದು, ಒಂದರ ಮೇಲೆ ಇನ್ನೊಂದನ್ನು ರಿಗ್ರೆಶನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕುವುದು. ಲ್ಯಾಪ್‌ಟಾಪ್ ಎದುರು ಒಂದು ಮಧ್ಯಾಹ್ನದ ಕೆಲಸ. ಎಡವುವುದು ಇಲ್ಲಿಂದಲೇ.

ಮೊದಲನೆಯದು ಅಳತೆ. ದೇಶಗಳ ಆದಾಯವನ್ನು ಮಾರುಕಟ್ಟೆಯ ಡಾಲರ್ ದರದಲ್ಲಿ ಹೋಲಿಸಿದರೆ ಭಾರತ ಇರುವುದಕ್ಕಿಂತ ಬಡವಾಗಿ ಕಾಣುತ್ತದೆ. 2017ರ ಅಂತರರಾಷ್ಟ್ರೀಯ ಬೆಲೆ ಹೋಲಿಕೆಯ ಪ್ರಕಾರ ಡಾಲರ್‌ನ ಮಾರುಕಟ್ಟೆ ದರ 65.12 ರೂಪಾಯಿ, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ, ಅಂದರೆ ಅಮೆರಿಕದಲ್ಲಿ ಒಂದು ಡಾಲರ್‌ಗೆ ಸಿಗುವಷ್ಟನ್ನು ಇಲ್ಲಿ ಕೊಳ್ಳಲು, 20.65 ರೂಪಾಯಿ. ಮೂರು ಪಟ್ಟಿಗೂ ಹೆಚ್ಚಿನ ಅಂತರ. ಒಂದು ಕಾಲಂ ಮಾರುಕಟ್ಟೆ ದರದ್ದು, ಇನ್ನೊಂದು ಕೊಳ್ಳುವ ಶಕ್ತಿಯದ್ದು ಬೆರೆತುಹೋದ ಕೋಷ್ಟಕಗಳು ಸಲ್ಲಿಕೆಯ ಹಂತದವರೆಗೂ ಯಾರ ಕಣ್ಣಿಗೂ ಬೀಳದೆ ಹೋಗಬಲ್ಲವು.

ದೇಶಗಳ ಆದಾಯ ಹೋಲಿಸಲೆಂದೇ ಇರುವ ದತ್ತಾಂಶ ಸಂಗ್ರಹ ಪೆನ್ ವರ್ಲ್ಡ್ ಟೇಬಲ್ ಬಳಸಿದರೂ ತಲೆನೋವು ತಪ್ಪದು. ಅದರ 10.01ನೇ ಆವೃತ್ತಿಯಲ್ಲಿ 183 ದೇಶಗಳ 1950ರಿಂದ 2019ರವರೆಗಿನ ಲೆಕ್ಕವಿದೆ, ಜಿಡಿಪಿಗೇ ಹಲವು ಕಾಲಂಗಳಿವೆ. ಒಂದು ದೇಶ ಕಾಲದಿಂದ ಕಾಲಕ್ಕೆ ಎಷ್ಟು ಬೆಳೆಯಿತು ಎಂದು ನೋಡಲು ‘ಆರ್‌ಜಿಡಿಪಿಎನ್‌ಎ’. ಒಂದೇ ವರ್ಷದಲ್ಲಿ ಎರಡು ದೇಶಗಳ ಉತ್ಪಾದನಾ ಶಕ್ತಿ ಹೋಲಿಸಲು ‘ಸಿಜಿಡಿಪಿಒ’. ಜನರ ಜೀವನಮಟ್ಟಕ್ಕೆ ವೆಚ್ಚದ ಕಡೆಯ ಕಾಲಂ. ಮಟ್ಟ ಹೋಲಿಸುವ ಕಾಲಂನಿಂದ ಬೆಳವಣಿಗೆ ದರ ತೆಗೆದರೆ ಬೆಲೆ ಹೋಲಿಕೆಯ ಪರಿಷ್ಕರಣೆಗಳೇ ಬೆಳವಣಿಗೆಯಂತೆ ಕಾಣುತ್ತವೆ. ಆವೃತ್ತಿ ಬದಲಾದರೆ ಅದೇ ದೇಶದ ಅದೇ ದಶಕದ ಬೆಳವಣಿಗೆ ದರವೂ ಬದಲಾಗುತ್ತದೆ ಎಂದು 2013ರಲ್ಲಿ ಸೈಮನ್ ಜಾನ್ಸನ್, ಅರವಿಂದ ಸುಬ್ರಮಣಿಯನ್ ಮತ್ತು ಇಬ್ಬರು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಆವೃತ್ತಿ ಸಂಖ್ಯೆ ಬರೆಯದ ಕೋಷ್ಟಕವನ್ನು ಪರೀಕ್ಷಕರು ನಂಬಬೇಕಾಗಿಲ್ಲ.

ಎರಡನೆಯದು, ಆಡಳಿತ ಸೂಚ್ಯಂಕ. ಇದು 1996ರಿಂದ ಇದೆ. ಆರು ಸೂಚಿಗಳು, ಹೆಚ್ಚುಕಡಿಮೆ −2.5ರಿಂದ +2.5ರವರೆಗೆ. ಈ ಅವಧಿಯುದ್ದಕ್ಕೂ ಅನುಸರಿಸಿದ ಪದ್ಧತಿಯಲ್ಲಿ ಪ್ರತಿ ಸಲ ಜಗತ್ತಿನ ಸರಾಸರಿಯನ್ನು ಸೊನ್ನೆಗೆ ತಂದು ನಿಲ್ಲಿಸುತ್ತಿದ್ದರು. ಎಲ್ಲ ದೇಶಗಳೂ ಒಟ್ಟಿಗೆ ಸುಧಾರಿಸಿದರೆ ಯಾವ ದೇಶದ ಅಂಕವೂ ಏರುವುದಿಲ್ಲ. ಅಂಕ ಕೊಡುವವರು ಹೆಚ್ಚಾಗಿ ತಜ್ಞರು, ಉದ್ಯಮಿಗಳು. ಸಿರಿವಂತ ದೇಶದ ಆಡಳಿತ ಚೆನ್ನಾಗಿಯೇ ಇರಬೇಕು ಎಂಬ ಊಹೆ ಅಂಕದೊಳಗೇ ನುಸುಳುತ್ತದೆ. ಸಂಸ್ಥೆಗಳಿಂದ ಸಿರಿಯೋ, ಸಿರಿಯಿಂದ ಸಂಸ್ಥೆಗಳೋ ಎಂಬ ಪ್ರಶ್ನೆ ಮೊದಲಿದ್ದಲ್ಲೇ ಉಳಿಯುತ್ತದೆ. ಎಡ್ವರ್ಡ್ ಗ್ಲೇಸರ್ ಮತ್ತು ಸಂಗಡಿಗರು 2004ರಲ್ಲಿ ಎತ್ತಿದ ಆಕ್ಷೇಪ ಇದೇ ಜಾಡಿನದು.

ಈ ಗಂಟು ಬಿಚ್ಚಲೆಂದೇ ನೊಬೆಲ್ ಪಡೆದ ಆ ಮೂವರು 2001ರ ಲೇಖನದಲ್ಲಿ ವಸಾಹತುಗಾರರ ಸಾವಿನ ದರವನ್ನು ಬಳಸಿದರು. ಯುರೋಪಿನವರು ಎಲ್ಲಿ ಹೆಚ್ಚು ಸತ್ತರೋ ಅಲ್ಲಿ ನೆಲೆಸಲಿಲ್ಲ, ದೋಚುವ ಸಂಸ್ಥೆಗಳನ್ನು ಕಟ್ಟಿದರು ಎಂಬ ವಾದ. ಒಟ್ಟು 64 ದೇಶ. 2012ರಲ್ಲಿ ಡೇವಿಡ್ ಆಲ್ಬೂಯಿ ಲೆಕ್ಕ ಕೆದಕಿದಾಗ ಅವುಗಳಲ್ಲಿ 36 ದೇಶಗಳ ಸಾವಿನ ದರ ಬೇರೆ ದೇಶಗಳಿಂದ ಎರವಲು ತಂದದ್ದು ಎಂದು ಕಂಡಿತು. ಮೂವರೂ ಉತ್ತರ ಕೊಟ್ಟರು, ವಾಗ್ವಾದ ಅಲ್ಲಿಗೇ ಮುಗಿಯಲಿಲ್ಲ. ಇಷ್ಟು ಉತ್ತು ಬಿತ್ತಿದ ನೆಲದಲ್ಲಿ ಇಳಿಸಿಕೊಂಡ ದತ್ತಾಂಶದಿಂದ ಹೊಸದೇನನ್ನು ಹೇಳುವುದು? 1997ರಷ್ಟು ಹಿಂದೆಯೇ ಝೇವಿಯರ್ ಸಲಾ-ಇ-ಮಾರ್ಟಿನ್ 20 ಲಕ್ಷ ರಿಗ್ರೆಶನ್ ಓಡಿಸಿದ್ದೇನೆ ಎಂದು ಶೀರ್ಷಿಕೆಯಲ್ಲೇ ಘೋಷಿಸಿ ಮುಗಿಸಿದ್ದಾರೆ. 20 ಲಕ್ಷದ ಒಂದನೆಯದನ್ನು ಓಡಿಸಲು ಐದು ವರ್ಷದ ಫೆಲೋಶಿಪ್ ಬೇಕಾಗಿಲ್ಲ.

ಹಾಗೆಂದು ಪ್ರಶ್ನೆಯನ್ನೇ ಕೈಬಿಡಬೇಕಿಲ್ಲ. ದೇಶಗಳ ನಡುವಿನ ಪ್ರಶ್ನೆಯನ್ನು, ಒಂದೇ ಮಣ್ಣು ಒಂದೇ ಮಾತು ಇದ್ದು ಆಡಳಿತ ಮಾತ್ರ ಬೇರೆಯಾಗಿದ್ದ ಜಾಗಕ್ಕೆ ತಂದು ಕೇಳಬಹುದು. ಮೆಲಿಸ್ಸಾ ಡೆಲ್ 2010ರಲ್ಲಿ ಪೆರುವಿನಲ್ಲಿ ಮಾಡಿದ್ದು ಇದನ್ನೇ. 1573ರಿಂದ 1812ರವರೆಗೆ ಗಣಿಗಳಿಗೆ ಬಿಟ್ಟಿ ಆಳು ಕೊಡಬೇಕಿದ್ದ ಪ್ರದೇಶದ ಗಡಿ ಹಿಡಿದು, ಒಳಗಿನ ಮನೆಗಳ ಅನುಭೋಗ ಇಂದಿಗೂ ಸುಮಾರು ಶೇ 25 ಕಡಿಮೆ ಎಂದು ಅಂದಾಜಿಸಿದರು. ಆಕೆ ಇಡೀ ಗಡಿಯನ್ನು ಬಳಸಲಿಲ್ಲ. ಎರಡೂ ಬದಿಯ ನೆಲದ ಎತ್ತರ ಒಂದೇ ತೆರನಾಗಿದ್ದ ತುಂಡನ್ನು ಮಾತ್ರ ಆರಿಸಿಕೊಂಡರು. ಈ ಕೊನೆಯ ಮಾತು ದಾವಣಗೆರೆಯಲ್ಲಿ ಬಹಳ ಉಪಯೋಗಕ್ಕೆ ಬಂತು.

ಮೂರು ಆಡಳಿತಗಳು ಕೂಡುವ ಜಾಗ

ದಾವಣಗೆರೆಯ ಸುತ್ತ 50 ಕಿಲೋಮೀಟರ್ ಆಸುಪಾಸಿನಲ್ಲಿ ಬ್ರಿಟಿಷರ ಕಾಲದ ಮೂರು ಆಡಳಿತಗಳು ಕೂಡುತ್ತಿದ್ದವು. ದಾವಣಗೆರೆ, ಹರಿಹರ, ಜಗಳೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ. ಉತ್ತರದ ಹರಪನಹಳ್ಳಿ, ಕೂಡ್ಲಿಗಿ ಮದ್ರಾಸ್ ಪ್ರಾಂತದ ಬಳ್ಳಾರಿಯಲ್ಲಿ. ತುಂಗಭದ್ರೆ ದಾಟಿದರೆ ರಾಣೆಬೆನ್ನೂರು, ಅದು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಮೂರೂ ಕಡೆ ಕನ್ನಡವೇ. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರು ಸೇರಿತು, ಧಾರವಾಡ 1956ರ ನವೆಂಬರ್ 1ಕ್ಕೆ. ಆಮೇಲೆ ಎಲ್ಲರಿಗೂ ಒಂದೇ ಸರ್ಕಾರ.

ಹೊಸ ವಿಷಯ ಹೀಗೆ ಕೂತಿತು: ‘ಮೈಸೂರು–ಮದ್ರಾಸ್ ಹಳೆಯ ಗಡಿಯ ಎರಡು ಬದಿಯ ಹಳ್ಳಿಗಳಲ್ಲಿ ಶಿಕ್ಷಣ ಮತ್ತು ಜೀವನಮಟ್ಟ’. ಒಪ್ಪಿಗೆಯ ಸಭೆಯಲ್ಲಿ ‘ಇದು ಸ್ಥಳೀಯ ವಿಷಯವಾಯಿತಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಅದಕ್ಕೆ ಉತ್ತರವನ್ನು ಸಾರಲೇಖದ (ಸಿನಾಪ್ಸಿಸ್) ಮೊದಲ ಪುಟದಲ್ಲೇ ಇಡಬೇಕು: ಪ್ರಶ್ನೆ ದೇಶಗಳದ್ದು, ಅಳತೆ ಮಾತ್ರ ಸ್ಥಳೀಯ. ಹಿರಿಯರ ಸಾಕ್ಷ್ಯ ಬೇಕಿದ್ದರೆ ಲಕ್ಷ್ಮಿ ಅಯ್ಯರ್ ಇದ್ದಾರೆ. ಬ್ರಿಟಿಷರು ನೇರವಾಗಿ ಆಳಿದ ಜಿಲ್ಲೆಗಳಲ್ಲಿ ಶಾಲೆ, ಆರೋಗ್ಯ ಕೇಂದ್ರ, ರಸ್ತೆ ಸ್ವಾತಂತ್ರ್ಯಾನಂತರವೂ ಕಡಿಮೆ ಎಂದು 2010ರಲ್ಲಿ ತೋರಿಸಿದವರು. ಉತ್ತರಾಧಿಕಾರಿ ಇಲ್ಲದೆ ಸತ್ತ ಅರಸರ ರಾಜ್ಯಗಳನ್ನು ಡಾಲ್‌ಹೌಸಿ ಕಬಳಿಸಿದ ಆಕಸ್ಮಿಕವನ್ನೇ ಅವರು ಕಾರಣ–ಪರಿಣಾಮ ಬಿಡಿಸುವ ಉಪಕರಣ ಮಾಡಿಕೊಂಡರು.

ಆದರೆ ಇತಿಹಾಸ ಬಲ್ಲ ಪರೀಕ್ಷಕರ ಮೊದಲ ಪ್ರಶ್ನೆಯೇ ಕಾಲು ಹಿಡಿದೆಳೆಯುತ್ತದೆ. ಮೈಸೂರನ್ನು ‘ಅರಸರ ಆಳ್ವಿಕೆ’ ಎಂದು ಬರೆದುಬಿಡಬಹುದೇ? 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡು 1881ರ ಮಾರ್ಚ್‌ವರೆಗೆ ಕಮಿಷನರುಗಳ ಮೂಲಕ ತಾವೇ ನಡೆಸಿದರು. ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರವರೆಗೆ ಇದ್ದ. 1860ರ ದಶಕದಲ್ಲಿ ಮುಂಬಯಿ ಮಾದರಿಯ ರೈತವಾರಿ (ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ) ಸರ್ವೆಯೂ ಬಂತು. ಅತ್ತ ಬಳ್ಳಾರಿ ಕಡೆ 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ಸೀಮೆ. ಥಾಮಸ್ ಮನ್ರೋ ಅಲ್ಲಿ ರೈತವಾರಿಯನ್ನು ಬೇರೂರಿಸಿದವನು. ಅಂದರೆ ಕಂದಾಯದ ವ್ಯವಸ್ಥೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಜಾತಿಯದು. ಇತ್ತ ಶಾನುಭೋಗ, ಅತ್ತ ಕರಣಂ, ಅಷ್ಟೆ.

ಇದನ್ನು ದೋಷವೆಂದು ತಿಳಿದು ಅನೇಕರು ಇಲ್ಲೇ ಹಿಂದೆ ಸರಿಯುತ್ತಾರೆ. ನಿಜವಾಗಿ ಇದು ಈ ಗಡಿಯ ಬಲ. ಅಭಿಜಿತ್ ಬ್ಯಾನರ್ಜಿ ಮತ್ತು ಲಕ್ಷ್ಮಿ ಅಯ್ಯರ್ 2005ರಲ್ಲಿ ಜಮೀನ್ದಾರಿ ಜಿಲ್ಲೆಗಳನ್ನೂ ಉಳಿದವನ್ನೂ ಹೋಲಿಸಿದಾಗ ವ್ಯತ್ಯಾಸದ ಮೂಲ ಭೂ ಹಿಡುವಳಿ ಪದ್ಧತಿಯಲ್ಲಿತ್ತು. ಹರಪನಹಳ್ಳಿ ಗಡಿಯಲ್ಲಿ ಹಿಡುವಳಿ ಪದ್ಧತಿ ಸರಿಸಮ ಇರುವುದರಿಂದ, ಉಳಿಯುವ ವ್ಯತ್ಯಾಸ 1881ರ ನಂತರದ ಸರ್ಕಾರ ಏನು ಕಟ್ಟಿತು ಎಂಬುದರದ್ದು. ಮೈಸೂರಿನಲ್ಲಿ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ, 1916ರಲ್ಲಿ ವಿಶ್ವವಿದ್ಯಾನಿಲಯ. ಬಳ್ಳಾರಿಗೆ ದೂರದ ಮದ್ರಾಸಿನ ಆಡಳಿತ. ಆದ್ದರಿಂದ ಪ್ರಬಂಧ ಅಳೆಯುವುದು 1881ರಿಂದ 1953ರವರೆಗಿನ 72 ವರ್ಷದ ಆಡಳಿತ ವ್ಯತ್ಯಾಸವನ್ನು. ‘ಅರಸರೋ ಬ್ರಿಟಿಷರೋ’ ಎಂಬ ದಪ್ಪ ಹಣೆಪಟ್ಟಿಯನ್ನು ಬಿಟ್ಟುಬಿಡಬೇಕು.

ಇನ್ನೊಂದು ಗಂಟು ಇದಕ್ಕಿಂತ ಕಠಿಣ. ಈ ಗಡಿಯನ್ನು 1799–1800ರಲ್ಲಿ ಯಾರೋ ಗೆರೆ ಎಳೆದು ಹೊಸದಾಗಿ ಮಾಡಿದ್ದಲ್ಲ. ಅದಕ್ಕೆ ಮುಂಚೆ ಚಿತ್ರದುರ್ಗದ ನಾಯಕರು ಇತ್ತ, ಹರಪನಹಳ್ಳಿ ಪಾಳೆಯಗಾರರು ಅತ್ತ. 18ನೇ ಶತಮಾನದ ಮಾಯಕೊಂಡ ಕಾಳಗ ಈ ಎರಡು ಮನೆತನಗಳದ್ದೇ. ಹಾಗಾದರೆ ಇಂದು ಕಾಣುವ ವ್ಯತ್ಯಾಸ ದಿವಾನರ ಕಾಲದ್ದೋ ಪಾಳೆಯಗಾರರ ಕಾಲದ್ದೋ? ಪೂರ್ತಿ ಉತ್ತರ ಕೊಡುವ ಪರೀಕ್ಷೆ ಇಲ್ಲ. ಆದಷ್ಟು ಮಾಡಬಹುದಾದ್ದು ಇಷ್ಟು: ಹರಪನಹಳ್ಳಿ–ಜಗಳೂರು ತುಂಡಿನ ಜೊತೆ ಕೂಡ್ಲಿಗಿ–ಜಗಳೂರು ತುಂಡನ್ನೂ ತೆಗೆದುಕೊಂಡು ಎರಡರಲ್ಲೂ ಅಂದಾಜು ಒಂದೇ ದಿಕ್ಕಿನಲ್ಲಿದೆಯೇ ನೋಡುವುದು. ಪಾಳೆಯಗಾರರ ಇತಿಹಾಸ ಎರಡೂ ಕಡೆ ಒಂದೇ ಅಲ್ಲ, ಪ್ರಾಂತದ ಗಡಿ ಮಾತ್ರ ಒಂದೇ.

ದತ್ತಾಂಶ: ಹಳ್ಳಿ ಹಳ್ಳಿ ಜೋಡಿಸುವ ಕೆಲಸ

ಜಿಲ್ಲಾ ಮಟ್ಟದ ಅಂಕಿಗಳಿಂದ ಶುರು ಮಾಡುವುದು ಇಲ್ಲಿ ದೊಡ್ಡ ಬಲೆ. 2011ರ ಜನಗಣತಿಯಲ್ಲಿ ಸಾಕ್ಷರತೆ ದಾವಣಗೆರೆ ಜಿಲ್ಲೆಯಲ್ಲಿ ಸುಮಾರು ಶೇ 76, ಚಿತ್ರದುರ್ಗದಲ್ಲಿ ಸುಮಾರು 74, ಬಳ್ಳಾರಿಯಲ್ಲಿ ಸುಮಾರು 67. ನೋಡಿದ ಕೂಡಲೇ ‘ಮೈಸೂರು ಗೆದ್ದಿತು’ ಎನ್ನಿಸುತ್ತದೆ. ಆದರೆ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹರಪನಹಳ್ಳಿಯೂ ಅದರೊಳಗೆ ಸೇರಿತ್ತು, 2011ರ ಎಣಿಕೆಯಲ್ಲೂ ಅಲ್ಲೇ ಇತ್ತು. ಹಳೆಯ ಮದ್ರಾಸ್ ತಾಲ್ಲೂಕೊಂದು ದಾವಣಗೆರೆಯ ಸರಾಸರಿಯಲ್ಲಿ ಕೂತಿದೆ, ಬಳ್ಳಾರಿಯ ಸರಾಸರಿಯಿಂದ ಎದ್ದುಹೋಗಿದೆ. ಅದು ಬಳ್ಳಾರಿಗೆ ಮರಳಿದ್ದು 2018ರ ಸುಮಾರಿಗೆ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಈ ಓಡಾಟದ ಹಿಂದೆ, ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371ಜೆ ವಿಧಿ ಕೊಡುವ ಸವಲತ್ತಿನ ಬೇಡಿಕೆ ಇತ್ತು. ಕೂಡ್ಲಿಗಿ ಇದ್ದ ಬಳ್ಳಾರಿ ಜಿಲ್ಲೆಗೆ ಅದು 2013ರಲ್ಲೇ ಸಿಕ್ಕಿತ್ತು. ಅದು ಸಿಕ್ಕ ಮೇಲೆ ಗಡಿಯ ಒಂದು ಬದಿಗೆ ಮೀಸಲಾತಿ, ಅನುದಾನ ಬೇರೆ. ಹಾಗಾಗಿ ಪ್ರಬಂಧದ ಫಲಿತ ಚರಗಳೆಲ್ಲ (ಸಾಕ್ಷರತೆಯಂಥ, ಪರಿಣಾಮ ಅಳೆಯುವ ಅಂಕಿಗಳು) 2013ರ ಒಳಗಿನವೇ ಆಗಿರಬೇಕು. ಇತ್ತೀಚಿನ ಅಂಕಿ ಸಿಕ್ಕಿತೆಂದು ಸೇರಿಸಿದರೆ 1881ರ ಪರಿಣಾಮವೂ 371ಜೆಯ ಪರಿಣಾಮವೂ ಒಂದರೊಳಗೊಂದು ಬೆರೆಯುತ್ತವೆ.

ಹಳ್ಳಿ ಮಟ್ಟದ ದತ್ತಾಂಶಕ್ಕೆ ಉಚಿತವಾಗಿ ಸಿಗುವ ‘ಶ್ರಗ್’ ಸಂಗ್ರಹ ಸಾಕು. 1991, 2001, 2011ರ ಜನಗಣತಿ, 1990ರಿಂದ 2013ರವರೆಗಿನ ನಾಲ್ಕು ಆರ್ಥಿಕ ಗಣತಿ, ರಾತ್ರಿ ಬೆಳಕಿನ ಉಪಗ್ರಹ ಲೆಕ್ಕ ಒಂದೇ ಗುರುತಿನ ಸಂಖ್ಯೆಗೆ ಜೋಡಣೆಯಾಗಿ ಬರುತ್ತವೆ. ತಾನೇ ಜೋಡಿಸಲು ಹೊರಟರೆ 2001ರ ಹಳ್ಳಿ ಸಂಕೇತ 8 ಅಂಕಿಯದು, 2011ರದು 6 ಅಂಕಿಯದು. ಹೆಸರಿನ ಮೇಲೆ ಜೋಡಿಸಿದರೆ ಒಂದೇ ಹೋಬಳಿಯ ಎರಡು ಬಸಾಪುರಗಳು ಒಂದಾಗುತ್ತವೆ. ಸಿದ್ಧ ಸಂಗ್ರಹ ಬಳಸಿದರೂ ಗಡಿಯ 10 ಕಿಲೋಮೀಟರ್ ಒಳಗಿನ ಪ್ರತಿ ಹಳ್ಳಿಯನ್ನು ನಕ್ಷೆಯ ಮೇಲೆ ಕಣ್ಣಿಂದ ನೋಡಲೇಬೇಕು, ಬೇರೆ ದಾರಿಯಿಲ್ಲ.

ನೋಡುವಾಗ ಎರಡು ಬಗೆಯ ಹಳ್ಳಿ ತೊಂದರೆ ಕೊಡುತ್ತವೆ. ಬೇಚಿರಾಕ್ ಗ್ರಾಮಗಳಲ್ಲಿ ಜನಸಂಖ್ಯೆ ಸೊನ್ನೆ, ಹಾಗಾಗಿ ಸಾಕ್ಷರತೆಯ ಭಾಗಾಕಾರವೇ ಕೆಟ್ಟು ಖಾಲಿ ಬರುತ್ತದೆ. ಇವನ್ನು ತೆಗೆದು, ಎಷ್ಟು ತೆಗೆದದ್ದು ಎಂದು ಬರೆಯಬೇಕು. ತಾಂಡಾ, ಗೊಲ್ಲರಹಟ್ಟಿಗಳ ಕಥೆ ಬೇರೆ. 2011ರಲ್ಲಿ ಇವುಗಳಲ್ಲಿ ಬಹುಪಾಲು ಕಂದಾಯ ಗ್ರಾಮಗಳಾಗಿರಲಿಲ್ಲ, ಮೂಲ ಗ್ರಾಮದ ಲೆಕ್ಕದೊಳಗೆ ಅಡಗಿವೆ. ಗುಳೆ ಹೋಗುವ ತಾಂಡಾ ಹೆಚ್ಚಿರುವ ಬದಿಯಲ್ಲಿ ಸಾಕ್ಷರತೆ ಕಡಿಮೆ ಕಂಡರೆ ಅದನ್ನು ಮದ್ರಾಸ್ ಆಡಳಿತದ ತಲೆಗೆ ಕಟ್ಟುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಪಾಲನ್ನು ಪ್ರತ್ಯೇಕ ಪರೀಕ್ಷೆಯಾಗಿ ಗಡಿಯಲ್ಲಿ ಓಡಿಸಿ ತೋರಿಸಬೇಕು.

ಹಳೆಯ ಜನಗಣತಿಯಿಂದ ಹೆಚ್ಚು ಆಸೆ ಬೇಡ. ಈ ಎರಡು ತುಂಡಿಗೆ ಬೇಕಾದದ್ದು ಜಗಳೂರು, ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳ ಅಂಕಿ, ದಾವಣಗೆರೆ ಸೇರಿಸಿದರೂ ನಾಲ್ಕೇ. ರಿಗ್ರೆಶನ್‌ಗೆ ಆಗದು, ಒಂದು ಕೋಷ್ಟಕ ಆದೀತು. ಸಾಕ್ಷರ ಎಂದರೆ ಯಾರು ಎಂಬ ಅಳತೆಗೋಲೂ ಬದಲಾಗುತ್ತಿತ್ತು. 1911ರಲ್ಲಿ ಗೆಳೆಯನಿಗೆ ಕಾಗದ ಬರೆದು ಅವನ ಉತ್ತರ ಓದಬಲ್ಲವನು ಸಾಕ್ಷರ. 1901ರ ಜೊತೆ ಹೋಲಿಸಿದರೆ ಇಳಿಕೆ ಕಂಡರೂ ಅದು ಜನರದ್ದಲ್ಲ, ಅಳತೆಗೋಲಿನದು. ವಿ.ಕೆ.ಆರ್.ವಿ. ರಾವ್ 1931–32ಕ್ಕೆ ರಾಷ್ಟ್ರೀಯ ಆದಾಯದ ಲೆಕ್ಕ ಹಾಕಿದಾಗಲೂ ವ್ಯಾಪ್ತಿ ಬ್ರಿಟಿಷ್ ಇಂಡಿಯಾದ್ದು, ಸಂಸ್ಥಾನಗಳದ್ದಲ್ಲ. ಗಡಿಯ ಎರಡೂ ಬದಿಯನ್ನು ಒಂದೇ ಕೋಲಿನಿಂದ ಅಳೆದ ಆದಾಯದ ಅಂಕಿ ಆ ಕಾಲಕ್ಕೆ ಹುಡುಕುತ್ತ ಕೂರುವುದು ವ್ಯರ್ಥ.

ಗಡಿ ಎಳೆಯುವುದು

ಇಂದಿನ ತಾಲ್ಲೂಕು ಗಡಿಯ ಡಿಜಿಟಲ್ ಕಡತವನ್ನು ಹಾಗೇ ಬಳಸಬಾರದು. ನಡುವೆ ಕೆಲ ಹಳ್ಳಿಗಳು ಆಚೀಚೆ ಹೋಗಿರಬಹುದು. ಸ್ವಾತಂತ್ರ್ಯಪೂರ್ವದ ಸರ್ವೆ ನಕ್ಷೆ, ಒಂದು ಅಂಗುಲಕ್ಕೆ ಒಂದು ಮೈಲಿಯದು, ಸ್ಕ್ಯಾನ್ ಪ್ರತಿ ಬೇಕು. ಅದನ್ನು ನಕ್ಷೆ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಕೂರಿಸಲು ಪ್ರತಿ ಹಾಳೆಗೆ ಕನಿಷ್ಠ 8–10 ನಿಯಂತ್ರಣ ಬಿಂದು, ಅಂದರೆ ಅಂದೂ ಇಂದೂ ಒಂದೇ ಕಡೆ ಇರುವ ಗುರುತು: ಕೆರೆ ಏರಿಯ ತುದಿ, ಗುಡ್ಡದ ನೆತ್ತಿಯ ಸರ್ವೆ ಕಲ್ಲು, ಹಳೆಯ ದೇವಸ್ಥಾನ. ರಸ್ತೆ ಕೂಡುವ ಜಾಗ ಬೇಡ, ರಸ್ತೆಗಳು ತಿರುಗಿವೆ. ಈ ಅಳತೆಯಲ್ಲಿ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 63 ಮೀಟರ್. ಎರಡು ಮಿಲಿಮೀಟರ್ ತಪ್ಪಿದರೂ ನಡೆದೀತು, ಹಳ್ಳಿಯ ಕೇಂದ್ರ ಬಿಂದುವಿನ ಅನಿಶ್ಚಿತತೆಯೇ ಅದಕ್ಕಿಂತ ದೊಡ್ಡದು. ಆದರೆ ಹಳೆಯ ನಕ್ಷೆ ಎವರೆಸ್ಟ್ ಡೇಟಮ್‌ನದ್ದು, ಅಂದರೆ ಭೂಮಿಯ ಆಕಾರದ ಹಳೆಯ ಲೆಕ್ಕದ್ದು. ಅದನ್ನು ಇಂದಿನ ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84ಕ್ಕೆ ಬದಲಿಸಲು ಮರೆತರೆ ಇಡೀ ಗಡಿ ಒಂದೇ ದಿಕ್ಕಿಗೆ ಜರುಗುತ್ತದೆ, ಬಿಡಿ ತಪ್ಪುಗಳಂತೆ ಒಂದನ್ನೊಂದು ಕಳೆಯುವುದಿಲ್ಲ. ದೂರ ಅಳೆಯುವ ಮುನ್ನ ಎಲ್ಲವನ್ನೂ ಮೀಟರುಗಳಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ ತರಬೇಕು. ಡಿಗ್ರಿಗಳಲ್ಲಿ ದೂರ ಅಳೆದ ಪ್ರಬಂಧವೂ ಇಲ್ಲದಿಲ್ಲ.

ಭದ್ರಾ ನಾಲೆ ಎಂಬ ತೊಡಕು

ದಾವಣಗೆರೆ ತಾಲ್ಲೂಕಿನ ಗದ್ದೆಗಳಿಗೆ 1960ರ ದಶಕದಿಂದ ಭದ್ರಾ ನೀರು. ಜಗಳೂರು ಒಣ ಸೀಮೆ. ಗಡಿಯ ದಾವಣಗೆರೆ ತುಂಡಿನಲ್ಲಿ ಮೈಸೂರು ಬದಿ ಸಿರಿವಂತವಾಗಿ ಕಂಡರೆ ಅದು ಶಾಲೆಯ ಫಲವೋ ನಾಲೆಯ ಫಲವೋ? ನೀರಾವರಿಯನ್ನು ನಿಯಂತ್ರಣ ಚರವಾಗಿ ಸೇರಿಸಿ ಅದರ ಪ್ರಭಾವ ಕಳೆದರೆ ಸಾಕು ಎಂದು ಮೊದಲಿಗೆ ಅನ್ನಿಸುತ್ತದೆ, ಆಗದು. ಆಡಳಿತ ವ್ಯತ್ಯಾಸದ ಪರಿಣಾಮವಾಗಿಯೇ ನಾಲೆ ಇತ್ತ ಬಂದಿದ್ದರೆ, ಅದನ್ನು ನಿಯಂತ್ರಿಸುವುದೆಂದರೆ ಅಳೆಯಬೇಕಾದ ಪರಿಣಾಮದ ಒಂದು ಭಾಗವನ್ನೇ ಅಳಿಸಿಹಾಕುವುದು. ಭೂಗೋಳದ ಕಾರಣಕ್ಕೆ ಬಂದಿದ್ದರೆ, ಬಿಟ್ಟುಬಿಡುವುದು ತಪ್ಪು. ಡೆಲ್ ಮಾಡಿದಂತೆ ತುಂಡು ಆರಿಸುವುದೇ ವಾಸಿ. ಮುಖ್ಯ ಅಂದಾಜು ಒಣ ಸೀಮೆಯ ಜಗಳೂರು ತುಂಡುಗಳಿಂದ, ದಾವಣಗೆರೆ ತುಂಡು ಅನುಬಂಧದಲ್ಲಿ. ಹಳ್ಳಿಗಳ ಸಂಖ್ಯೆ ಕಡಿಮೆಯಾಗುತ್ತದೆ, ನಂಬಿಕೆ ಹೆಚ್ಚುತ್ತದೆ.

ದಾವಣಗೆರೆ ನಗರದ ಸೆಳೆತವೂ ಇದೇ ನಿರ್ಧಾರದಿಂದ ಸ್ವಲ್ಪ ತಗ್ಗುತ್ತದೆ. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನ್ನಿಸಿಕೊಂಡ ಹತ್ತಿ ಗಿರಣಿಗಳು ಮೈಸೂರು ಆಡಳಿತದ ಕೂಸು ಎಂದು ಹೇಳಲು ಆಸೆಯಾಗುತ್ತದೆ. ಆದರೆ ಈ ಪೇಟೆಗೆ ವ್ಯಾಪಾರಿಗಳು ಬಂದು ನೆಲೆಯಾಗತೊಡಗಿದ್ದು ಹೈದರಾಲಿಯ ಕಾಲದಿಂದ, ಗಡಿಯ ಕಥೆ ಶುರುವಾಗುವುದಕ್ಕೂ ಮುಂಚೆ.

ಲೆಕ್ಕ ಮತ್ತು ಅದರ ಮಿತಿ

ಹುಡುಕುವುದು ಗಡಿ ದಾಟಿದ ಕೂಡಲೇ ಸಾಕ್ಷರತೆಯಲ್ಲಿ ಜಿಗಿತ ಇದೆಯೇ ಎಂದು. ಸೂತ್ರ ಚಿಕ್ಕದು. ಹಳ್ಳಿಯ ಸಾಕ್ಷರತೆ ಒಂದು ಕಡೆ. ಇನ್ನೊಂದು ಕಡೆ ಮೈಸೂರು ಬದಿಯೇ ಎಂಬ 0/1 ಚರ, ಗಡಿಯಿಂದ ದೂರ, ಆ ಎರಡರ ಗುಣಲಬ್ಧ, ಗಡಿ ತುಂಡಿನ ಸ್ಥಿರ ಪರಿಣಾಮ (ಆಯಾ ತುಂಡಿಗೆ ತನ್ನದೇ ಆದ ಮಟ್ಟ). ದೂರದ ಮೂರನೇ ನಾಲ್ಕನೇ ಘಾತ ಸೇರಿಸುವ ಹಳೆಯ ರೂಢಿ ಬೇಡ. ಅದು ಗಡಿಯ ಹತ್ತಿರ ಇಲ್ಲದ ಜಿಗಿತ ಸೃಷ್ಟಿಸಬಲ್ಲದೆಂದು ಗೆಲ್ಮನ್ ಮತ್ತು ಇಂಬೆನ್ಸ್ ಎಚ್ಚರಿಸಿದ್ದಾರೆ. ಸ್ಥಳೀಯ ಸರಳರೇಖೆ ಸಾಕು. ಗಡಿಯಿಂದ ಎಷ್ಟು ದೂರದ ಹಳ್ಳಿಗಳವರೆಗೆ ಸೇರಿಸಬೇಕೆಂಬ ಬ್ಯಾಂಡ್‌ವಿಡ್ತ್ ಆಯ್ಕೆಗೆ ‘ಆರ್’ ತಂತ್ರಾಂಶದ ‘ಆರ್‌ಡಿರೋಬಸ್ಟ್’ ಪ್ಯಾಕೇಜು. ಎಲ್ಲವೂ ಉಚಿತ, 8 ಜಿಬಿ ರ್‍ಯಾಮ್‌ನ ಲ್ಯಾಪ್‌ಟಾಪ್ ಧಾರಾಳ.

ಅಂದಾಜು ಬಂದ ಕೂಡಲೇ ಬರೆಯಲು ಕೂರುವುದು ಸಾಮಾನ್ಯ ದೋಷ. ಅಕ್ಕಪಕ್ಕದ ಹಳ್ಳಿಗಳು ಒಂದನ್ನೊಂದು ಹೋಲುತ್ತವೆ, ಹಾಗಾಗಿ 200 ಹಳ್ಳಿಯಿದ್ದರೂ 200 ಸ್ವತಂತ್ರ ಸಾಕ್ಷ್ಯಗಳಿಲ್ಲ. ಮಾರ್ಗನ್ ಕೆಲ್ಲಿ 2019ರಲ್ಲಿ ಈ ಬಗೆಯ ಚಾರಿತ್ರಿಕ ಅಧ್ಯಯನಗಳನ್ನು ಹಿಡಿದು, ಅರ್ಥವಿಲ್ಲದ ಪ್ರಾದೇಶಿಕ ಗದ್ದಲ ಕೂಡ ಎಷ್ಟೋ ಸಲ ಮೂಲ ಚರದಷ್ಟೇ ಚೆನ್ನಾಗಿ ‘ವಿವರಿಸುತ್ತದೆ’ ಎಂದು ತೋರಿಸಿದ ಮೇಲೆ ಪರೀಕ್ಷಕರು ಇದನ್ನು ಕೇಳದೆ ಬಿಡುವುದಿಲ್ಲ. ಅಕ್ಕಪಕ್ಕದ ಈ ಹೋಲಿಕೆಯನ್ನು ಲೆಕ್ಕಕ್ಕೆ ಹಿಡಿಯುವ ಕಾನ್ಲಿ ವಿಧಾನದ ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆಯ ಅಳತೆ) ಅನ್ನು 10, 20, 30 ಕಿಲೋಮೀಟರ್ ದೂರಗಳಿಗೆ ಹಾಕಿ ಮೂರನ್ನೂ ಕೊಡಬೇಕು. ಜೊತೆಗೆ ಗಡಿಯನ್ನು ಕಾಗದದ ಮೇಲೆ 5, 10, 15 ಕಿಲೋಮೀಟರ್ ದಕ್ಷಿಣಕ್ಕೂ ಉತ್ತರಕ್ಕೂ ಸರಿಸಿ ಅದೇ ಲೆಕ್ಕ ಓಡಿಸಬೇಕು. ಸುಳ್ಳು ಗಡಿಯಲ್ಲೂ ಅಷ್ಟೇ ಜಿಗಿತ ಕಂಡರೆ ನಿಜ ಗಡಿಯ ಜಿಗಿತಕ್ಕೆ ಬೆಲೆಯಿಲ್ಲ.

ಇದಕ್ಕೂ ಮುಂಚೆ, ನೋಂದಣಿಯ ಹಂತದಲ್ಲೇ ಮಾಡಬೇಕಾದ ಲೆಕ್ಕ ಒಂದಿದೆ. ಶೇ 80 ಶಕ್ತಿಯ ಪರೀಕ್ಷೆ, ಅಂದರೆ ಇರುವ ವ್ಯತ್ಯಾಸವನ್ನು ನೂರಕ್ಕೆ 80 ಸಲ ಕಂಡುಹಿಡಿಯುವ ಪರೀಕ್ಷೆ, ಹಿಡಿಯಬಲ್ಲ ಕನಿಷ್ಠ ವ್ಯತ್ಯಾಸ ಸ್ಟ್ಯಾಂಡರ್ಡ್ ಎರರ್‌ನ ಸುಮಾರು 2.8 ಪಟ್ಟು. ಎರರ್ 2 ಶೇಕಡಾ ಅಂಶವಿದ್ದರೆ 5.6 ಅಂಶಕ್ಕಿಂತ ಚಿಕ್ಕ ವ್ಯತ್ಯಾಸ ಇದ್ದರೂ ಕೈಗೆ ಸಿಗದೇ ಹೋಗುವ ಸಂಭವ ಶೇ 20ಕ್ಕಿಂತ ಜಾಸ್ತಿ. 1953ರಿಂದ 2011ರವರೆಗೆ ಎರಡೂ ಬದಿಗೆ ಒಂದೇ ಸರ್ಕಾರ, ಒಂದೇ ಪಠ್ಯ, ಒಂದೇ ಶಿಕ್ಷಕ ನೇಮಕಾತಿ. ವ್ಯತ್ಯಾಸ ಸವೆದಿರಲೂಬಹುದು. ಸೊನ್ನೆಯೂ ಒಂದು ಫಲಿತಾಂಶ ಎನ್ನುವವರು ಆ ಸೊನ್ನೆಯ ಸುತ್ತಲಿನ ವ್ಯಾಪ್ತಿ ಕಿರಿದಾಗಿದೆಯೇ ಎಂದೂ ತೋರಿಸಬೇಕು. −6ರಿಂದ +6ರವರೆಗಿನ ಸೊನ್ನೆ ಏನನ್ನೂ ಹೇಳುವುದಿಲ್ಲ. ವಯಸ್ಸಿನ ಗುಂಪುಗಳಾಗಿ ಒಡೆದ ದತ್ತಾಂಶ ಸಿಕ್ಕಲ್ಲಿ 1953ಕ್ಕೆ ಮುಂಚೆ ಶಾಲೆಗೆ ಹೋದ ಹಿರಿಯರನ್ನು ಬೇರೆ ಮಾಡಿ ನೋಡುವುದು ಇದಕ್ಕೆ ಒಳ್ಳೆಯ ದಾರಿ, ಸಿಗುವುದು ಮಾತ್ರ ಕಷ್ಟ.

ವೃತ್ತಿಯ ಲೆಕ್ಕ

ಪ್ರಬಂಧ ಮೂರು ಲೇಖನಗಳಾಗಿ ಒಡೆಯುವಂತೆ ಮೊದಲೇ ಕತ್ತರಿಸಿದ್ದು ಈ ಪ್ರಕರಣದ ಜಾಣತನ. ಮೊದಲನೆಯದು ಗಡಿಯ ಆಡಳಿತ ಇತಿಹಾಸ, ಅದಕ್ಕೆ ರಿಗ್ರೆಶನ್ ಬೇಡ. ಎರಡನೆಯದು ಸಾಕ್ಷರತೆಯ ಅಂದಾಜು. ಮೂರನೆಯದು ದೇಶಗಳ ಮಟ್ಟದ ಸಾಹಿತ್ಯದ ವಿಮರ್ಶೆ, 100 ದೇಶಗಳ ಮೂಲ ಆಸೆಗೆ ಅಲ್ಲಿ ಜಾಗ ಸಿಕ್ಕಿತು. 2022ರ ನಿಯಮದಲ್ಲಿ ಸಲ್ಲಿಕೆಗೆ ಮುಂಚೆ ಪ್ರಕಟಣೆ ಕಡ್ಡಾಯವಿಲ್ಲ, ಆದರೂ ಸಂದರ್ಶನದಲ್ಲಿ ಕೇಳುವುದು ಅದನ್ನೇ. ಮಾನ್ಯ ನಿಯತಕಾಲಿಕಗಳ ಯುಜಿಸಿ-ಕೇರ್ ಪಟ್ಟಿ 2025ರಲ್ಲಿ ರದ್ದಾದ ಮೇಲೆ ಯಾವ ನಿಯತಕಾಲಿಕ ಒಳ್ಳೆಯದು ಎಂದು ತೀರ್ಮಾನಿಸುವ ಹೊಣೆ ಸಂಸ್ಥೆಗಳ ಮೇಲೆ, ಬರೆಯುವವರ ಮೇಲೆ ಬಿದ್ದಿದೆ. ಹಣ ಕೇಳಿ ವಾರದೊಳಗೆ ಪ್ರಕಟಿಸುವವರ ಕಡೆ ಹೋಗದಿರುವುದೇ ಮೊದಲ ಜರಡಿ. ಕೃತಿಚೌರ್ಯ ಪತ್ತೆಯ ಹೋಲಿಕೆ ತಪಾಸಣೆಯಲ್ಲಿ ಶೇ 10ರವರೆಗೆ ತೊಂದರೆಯಿಲ್ಲ, 10ರಿಂದ 40ರ ನಡುವೆ ಬಂದರೆ ಆರು ತಿಂಗಳೊಳಗೆ ತಿದ್ದಿ ಮರುಸಲ್ಲಿಕೆ. ಗೆಜೆಟಿಯರ್‌ನಿಂದ ಎತ್ತಿಕೊಂಡ ಇತಿಹಾಸದ ಅಧ್ಯಾಯವೇ ಸಾಮಾನ್ಯವಾಗಿ ಈ ಗೆರೆ ದಾಟುವುದು.

ಸಹಾಯಕ ಪ್ರಾಧ್ಯಾಪಕ ಹುದ್ದೆಯ ಆರಂಭಿಕ ಮೂಲವೇತನ 57,700 ರೂಪಾಯಿ, ವಾರಕ್ಕೆ 16 ಗಂಟೆ ನೇರ ಪಾಠ. ಆ 16 ಗಂಟೆಯ ಆಚೆ ಸಂಶೋಧನೆ ಉಳಿಯಬೇಕಾದರೆ ದತ್ತಾಂಶ ಕೈಯಳತೆಯಲ್ಲಿರಬೇಕು, ಪ್ರಶ್ನೆ ದೀರ್ಘಕಾಲ ಬಾಳುವಂಥದಾಗಿರಬೇಕು. ರಾಬಿನ್ಸನ್ ಯೇಲ್‌ನಲ್ಲಿ ಪಿಎಚ್.ಡಿ. ಮುಗಿಸಿದ್ದು 1993ರಲ್ಲಿ, ಅಸೆಮೊಗ್ಲು ಲಂಡನ್ನಿನಲ್ಲಿ 1992ರಲ್ಲಿ. ನೊಬೆಲ್ ಬರುವ ಹೊತ್ತಿಗೆ ಮೂರು ದಶಕ ಅದೇ ಪ್ರಶ್ನೆಯ ಸುತ್ತ ಓಡಾಡಿದ್ದರು. ರಾಬಿನ್ಸನ್ ವರ್ಷ ವರ್ಷ ಬೊಗೊಟಾಕ್ಕೆ ಹೋಗಿ ಪಾಠ ಮಾಡಿ, ಕೊಲಂಬಿಯಾದ ಒಳನಾಡನ್ನು ಕಂಡವರು. ವಿದೇಶಿ ಪಿಎಚ್.ಡಿ.ಯ ದಾರಿ ಹಿಡಿಯುವವರಿಗೂ ಈ ಗಡಿಯ ಕೆಲಸ ಅಡ್ಡಿಯಲ್ಲ, ಕೋಡ್ ಸಮೇತ ಓಡುವ ಒಂದು ಲೇಖನ ಅರ್ಜಿಯಲ್ಲಿ ತೂಕವುಳ್ಳದ್ದು. ಅವರಿಗೆ ಅಡ್ಡಿಯಾಗುವುದು ಎಂ.ಎ.ಯಲ್ಲಿ ಕಲಿಯದೆ ಬಿಟ್ಟ ಗಣಿತ: ಲೀನಿಯರ್ ಆಲ್ಜಿಬ್ರಾ, ರಿಯಲ್ ಅನಾಲಿಸಿಸ್.

ರಾಣೆಬೆನ್ನೂರು ಬದಿಯನ್ನು ಈ ಪ್ರಬಂಧದಿಂದ ಕೈಬಿಡಲಾಯಿತು. ಹರಿಹರದ ಎದುರು ಗಡಿಯೇ ತುಂಗಭದ್ರೆ. ನದಿಯ ಎರಡು ದಡದ ಮಣ್ಣು, ಏತ ನೀರಾವರಿ, ಸೇತುವೆ ಇರುವ ಊರು ಇಲ್ಲದ ಊರು ಎಲ್ಲವೂ ಗಡಿಯಲ್ಲೇ ಜಿಗಿಯುತ್ತವೆ, ಆಡಳಿತದ ಜಿಗಿತವನ್ನು ಅವುಗಳಿಂದ ಬಿಡಿಸಲಾಗದು. ಮೈಸೂರು–ಮುಂಬಯಿ ಹೋಲಿಕೆ ಬೇಕಿದ್ದವರು ನದಿ ಬಿಟ್ಟು ನೆಲದ ಮೇಲೆ ಹಾಯುವ ಗಡಿ ತುಂಡುಗಳನ್ನು ಹಳೆಯ ಸರ್ವೆ ಹಾಳೆಗಳಲ್ಲಿ ಮೊದಲು ಗುರುತಿಸಿ, ಅವುಗಳ 10 ಕಿಲೋಮೀಟರ್ ಒಳಗೆ ಎಷ್ಟು ಹಳ್ಳಿ ಉಳಿಯುತ್ತವೆ ಎಂದು ಎಣಿಸಿದ ಮೇಲೆ ಸಾರಲೇಖ ಬರೆಯಬೇಕು.